ಗ್ಲೂಕೋಸ್ ಪಾಕದಲ್ಲಿ ಮ್ಯಾಂಟಲ್ ಪ್ಲೂಮ್ ಏಳುತ್ತಿಲ್ಲ, ಏನು ಮಾಡೋದು?

ಕೋಥ್ರೂಡ್ ಕನ್ನಡಿಗ:
ನಮಸ್ಕಾರ. ಪುಣೆಯಲ್ಲಿ ನಮ್ಮ ಸೊಸೈಟಿ ಮಕ್ಕಳಿಗೆ ಸುತ್ತಲಿನ ಈ ಕಪ್ಪು ಕಲ್ಲು ಎಲ್ಲಿಂದ ಬಂತು ಅಂತ ತೋರಿಸಬೇಕು. ಬೇಕರಿ ಸಾಮಾನಿನ ಅಂಗಡಿಯಿಂದ ಲಿಕ್ವಿಡ್ ಗ್ಲೂಕೋಸ್ ತಂದು, ಚೌಕ ಗಾಜಿನ ಪಾತ್ರೆಗೆ 4 ಸೆಂ.ಮೀ. ಸುರಿದು ಹಾಟ್‌ಪ್ಲೇಟ್ ಮೇಲಿಟ್ಟಿದ್ದೇನೆ. ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಬಂಡೆ ಪದರದಲ್ಲಿ (ಮ್ಯಾಂಟಲ್) ಬಿಸಿ ಬಂಡೆ ಕಂಬದ ಹಾಗೆ ಮೇಲೇಳುವುದೇ ಮ್ಯಾಂಟಲ್ ಪ್ಲೂಮ್; ಅದೇ ತರ ಪಾಕದಲ್ಲೂ ಅಣಬೆ ತರ ತಲೆ ಎದ್ದು ಬರಬೇಕಿತ್ತು ಅಲ್ವಾ? ಬರುತ್ತಿಲ್ಲ. ಉರಿ ಜಾಸ್ತಿ ಮಾಡಿದರೆ ನಡುವೆ ನಿಧಾನವಾಗಿ ಮೇಲೇರಿ ಗೋಡೆ ಪಕ್ಕ ಇಳಿಯುತ್ತದೆ, ಅಷ್ಟೇ.

ಬಸಾಲ್ಟ್ ಭಟ್ಟ, ಡೊಂಬಿವಲಿ:
ಮೊದಲು ಗಾಜನ್ನು ಹಾಟ್‌ಪ್ಲೇಟಿನಿಂದ ಇಳಿಸಿ ಸರ್, ಸೀಳುತ್ತದೆ. ಅಗಲ ತಟ್ಟೆಯಲ್ಲಿ ಬಿಸಿನೀರು ಹಾಕಿ ಅದರಲ್ಲಿಡಿ. ತಳಕ್ಕೆಲ್ಲ ಒಂದೇ ಸಮ ಬಿಸಿ ತಾಗಬೇಕು.

ನಿಮ್ಮ ಪಾಕ ತುಂಬಾ ಗಟ್ಟಿ, ಆಳ ಕಡಿಮೆ. ಇಲ್ಲಿ ನೋಡಬೇಕಾದ್ದು ರೇಲೀ ಸಂಖ್ಯೆ, ಅಂದರೆ ಬಿಸಿ ಪಾಕ ಮೇಲೇಳುವ ಒತ್ತಡ ಅದರ ಗಟ್ಟಿತನ ಮತ್ತು ಶಾಖ ಸೋರುವಿಕೆಯನ್ನು ಎಷ್ಟು ಮೀರುತ್ತದೆ ಅನ್ನುವ ಅಳತೆ. ಮೇಲ್ಮೈ ತೆರೆದಿದ್ದರೆ ಅದು ಸುಮಾರು 1100 ದಾಟಬೇಕು, ಇಲ್ಲದಿದ್ದರೆ ಶಾಖ ಸುಮ್ನೆ ಪದರದಿಂದ ಪದರಕ್ಕೆ ದಾಟುತ್ತದೆ, ಪಾಕ ಕದಲುವುದಿಲ್ಲ. ಆಳದ ಘನ ಆ ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ 4ರ ಬದಲು 8 ಸೆಂ.ಮೀ. ತುಂಬಿದರೆ ಎಂಟು ಪಟ್ಟು. ಮ್ಯಾಂಟಲ್ ಬಂಡೆ ಎಷ್ಟೇ ಗಟ್ಟಿಯಾಗಿದ್ದರೂ ಸುಮಾರು 2,890 ಕಿ.ಮೀ. ದಪ್ಪ ಇರುವುದರಿಂದ ಅಲ್ಲಿ ಈ ಸಂಖ್ಯೆ ಕೋಟಿಗೆ ಹೋಗುತ್ತದೆ. ಸ್ವಲ್ಪ ನೀರು ಬೆರೆಸಿ, ಚೆನ್ನಾಗಿ ಕಲಸಿ, ಗುಳ್ಳೆ ಹೋಗಲು ರಾತ್ರಿಯಿಡೀ ಬಿಡಿ. ನೀರು ಮೇಲೆ ಬೇರೆ ಪದರವಾಗಿ ನಿಂತರೆ ಕೆಲಸ ಕೆಟ್ಟಿತು.

ಕೋಥ್ರೂಡ್ ಕನ್ನಡಿಗ:
ಗೋಡೆ ಪಕ್ಕ ಇಳಿಯೋದು?

ಬಸಾಲ್ಟ್ ಭಟ್ಟ, ಡೊಂಬಿವಲಿ:
ಗಾಜು ಹೊರಗಿನ ಗಾಳಿಗೆ ತಣ್ಣಗಾಗುತ್ತಿದೆ. ಎರಡು ಬದಿಗೆ ಥರ್ಮಾಕೋಲ್ ಕಟ್ಟಿ. ಉಳಿದ ಒಂದು ಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಎದುರು ಬಿಳಿ ಹಾಳೆ ಹಿಡಿದರೆ, ಬಿಸಿ ಪಾಕದ ಅಂಚು ನೆರಳಾಗಿ ಬೀಳುತ್ತದೆ, ಬಣ್ಣವೇ ಬೇಡ.

ಆಮೇಲೆ ಕಾಯಬೇಕು. ತಳದಲ್ಲಿ ಬಿಸಿ ಪದರ ದಪ್ಪವಾಗುತ್ತಾ ಹೋಗಿ, ಇನ್ನು ತಡೆಯಲಾರೆ ಅನ್ನುವಾಗ ಉಬ್ಬಿ ಬಿಟ್ಟುಕೊಳ್ಳುತ್ತದೆ. ಪಾಕದಲ್ಲಿ 1 ಸೆಂ.ಮೀ. ಪದರಕ್ಕೆ ಹೆಚ್ಚುಕಮ್ಮಿ ಕಾಲು ಗಂಟೆ. ಇದೇ ಲೆಕ್ಕ ಬಂಡೆಗೆ ಹಾಕಿದರೆ 100 ಕಿ.ಮೀ.ಗೆ ಸುಮಾರು 30 ಕೋಟಿ ವರ್ಷ! ಬಿಸಿ ಪಾಕ ತೆಳುವಾಗುವುದರಿಂದಲೇ ತಲೆ ದಪ್ಪ, ಬಾಲ ಸಣ್ಣ. ಸುಮಾರು 6.6 ಕೋಟಿ ವರ್ಷದ ಹಿಂದೆ ಅಂಥ ತಲೆ ಬಂದು ತಾಗಿ ನಮ್ಮ ಪಶ್ಚಿಮ ಘಟ್ಟದ ಲಾವಾ ಹರಿಯಿತು, ಅದು ಆರಿದ್ದೇ ನಿಮ್ಮ ಕಪ್ಪು ಕಲ್ಲು; ಉಳಿದ ಬಾಲವೇ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಅನ್ನುತ್ತಾರೆ.

ಕೋಥ್ರೂಡ್ ಕನ್ನಡಿಗ:
ಮಕ್ಕಳು ಅಷ್ಟು ಹೊತ್ತು ಕೂರಲ್ಲ ಸರ್. ತಳದಿಂದ ಪೈಪಿನಲ್ಲಿ ಬಿಸಿ ಪಾಕ ಬಿಡಲಾ?

ಬಸಾಲ್ಟ್ ಭಟ್ಟ, ಡೊಂಬಿವಲಿ:
ಬಿಡಬಹುದು, 1990ರಲ್ಲಿ ಗ್ರಿಫಿತ್ಸ್ ಮತ್ತು ಕ್ಯಾಂಪ್‌ಬೆಲ್ ಎಂಬ ವಿಜ್ಞಾನಿಗಳು ಗ್ಲೂಕೋಸ್ ಪಾಕದಲ್ಲಿ ಮಾಡಿದ್ದೂ ಹಾಗೇ. ಅಣಬೆ ಚೆನ್ನಾಗಿ ಬರುತ್ತದೆ. ಆದರೆ ಪದರ ತಾನಾಗೇ ಕಿತ್ತುಕೊಂಡು ಏಳುವುದು ಅದರಲ್ಲಿ ಕಾಣಲ್ಲ. ಒಂದು ಗಂಟೆ ಮುಂಚೆಯೇ ಬಿಸಿನೀರಿಗೆ ಇಟ್ಟು, ಆಮೇಲೆ ಮಕ್ಕಳನ್ನು ಕರೆಯಿರಿ.