ಅಪ್ಪಾಜಿಯ ಮೆಚ್ಚಿನ ಕಾದಂಬರಿ, ಸಿಡಿ, ಕೆಂಪಡರಿದ ಪ್ರವಾಸದ ಫೋಟೊ: ಯಾವುದನ್ನು ಮೊದಲು, ಹೇಗೆ ಉಳಿಸುವುದು?

ಕುಂದವಾಡ_ಕೆರೆ (ದಾವಣಗೆರೆ):
ಅಪ್ಪಾಜಿ ಇಷ್ಟಪಟ್ಟು ಇಟ್ಟುಕೊಂಡಿದ್ದೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿದೆ. ಸರಿಮಾಡಿಸಿ ಕೊಡಬೇಕು ಅಂತಿದೀನಿ. ಇರುವುದಿಷ್ಟು: ತರಾಸು ಅವರ ‘ದುರ್ಗಾಸ್ತಮಾನ’ದ ಹಳೇ ಪ್ರತಿ, ಬೆನ್ನು ಕಿತ್ತು ಹಾಳೆ ಬಿಡಿಬಿಡಿಯಾಗಿವೆ, ಅಲ್ಲಲ್ಲಿ ಸೆಲ್ಲೋಟೇಪ್ ಹಚ್ಚಿದ್ದಾರೆ. ‘ನಾಗರಹಾವು’ ಸಿನಿಮಾದ ವಿಸಿಡಿ. ಸ್ಟುಡಿಯೊದವರು ಬರೆದುಕೊಟ್ಟ ಪ್ರವಾಸದ ವೀಡಿಯೊ ಸಿಡಿ ಒಂದು. ಅಂಟಿನ ಆಲ್ಬಮ್ಮಿನಲ್ಲಿ ಕಲರ್ ಫೋಟೊಗಳು: ದುರ್ಗದ ಕೋಟೆ, ಚಂದ್ರವಳ್ಳಿ, ಸಂತೇಬೆನ್ನೂರು ಪುಷ್ಕರಣಿ, ಮಾರಿಕಣಿವೆ ಅಣೆಕಟ್ಟು. ಎಲ್ಲಾ ಕೆಂಪಡರಿವೆ. ಅಮ್ಮನ ಗಿಳಿಹಸಿರು ಇಳಕಲ್ ಸೀರೆ ಕಂದು ಕಾಣ್ತಿದೆ. ಅಪ್ಪಾಜಿಗೆ ಬಣ್ಣ ಅಂದ್ರೆ ಅದೊಂದೇ. ಕೆಲವಕ್ಕೆ ನೆಗೆಟಿವ್ ಇವೆ. ಫೋಟೊ ಲ್ಯಾಮಿನೇಶನ್ ಮಾಡಿಸಿ, ಪುಸ್ತಕ ಬೈಂಡಿಂಗ್‌ಗೆ ಕೊಟ್ಟರೆ ಸಾಕಾ?

ಜೋಗಿಮಟ್ಟಿ:
ಅವೆರಡೂ ಆಮೇಲೆ. ಮೊದಲು ಪ್ರವಾಸದ ಸಿಡಿ, ಅದೂ ಈ ವಾರವೇ. ಪುಸ್ತಕದ ಬೇರೆ ಪ್ರತಿ ಸಿಗುತ್ತದೆ. ಸಿನಿಮಾ 2018ರಲ್ಲಿ ಡಿಜಿಟಲ್ ಆಗಿ ಮತ್ತೆ ಥಿಯೇಟರಿಗೇ ಬಂದಿತ್ತು, ನಿಮ್ಮ ವಿಸಿಡಿಗಿಂತ ಎಷ್ಟೋ ಪಾಲು ಚೆನ್ನಾಗಿದೆ. ಸ್ಟುಡಿಯೊದವರು ಬರೆದ ಸಿಡಿಗೆ ಮಾತ್ರ ಜೋಡಿ ಇಲ್ಲ.

ಎರಡನ್ನೂ ಮಗುಚಿ ನೋಡಿ. ಅಂಗಡಿಯ ವಿಸಿಡಿಯ ಅಡಿಭಾಗ ಬೆಳ್ಳಿ ಬಣ್ಣ, ಅದು ಅಚ್ಚೊತ್ತಿದ್ದು. ಬರೆದ ಸಿಡಿಯ ಅಡಿಭಾಗ ತಿಳಿಹಸಿರೋ ನೀಲಿಯೋ ಇರುತ್ತದೆ. ಅದರಲ್ಲಿ ವೀಡಿಯೊ ಕೂತಿರುವುದೇ ಆ ಬಣ್ಣದ ಪದರದಲ್ಲಿ; ಬಿಸಿಲು, ಕಾವು ತಗುಲಿದಷ್ಟೂ ಬಣ್ಣ ಕೆಡುತ್ತದೆ. ದಾವಣಗೆರೆಯ ಏಪ್ರಿಲ್‌ನಲ್ಲಿ ಕಬ್ಬಿಣದ ಟ್ರಂಕಿನ ಒಳಗೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಧೂಳಿದ್ದರೆ ನಲ್ಲಿ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತ ಒರೆಸಿದರೆ ಬೀಳುವ ಗೀರು ಡೇಟಾ ಹರಿಯುವ ದಿಕ್ಕಿನಲ್ಲೇ ಬೀಳುತ್ತದೆ, ಡ್ರೈವ್ ಅದನ್ನು ದಾಟಲಾರದು. ಗೀರು ಹೋಗಲಿ ಅಂತ ಟೂತ್‌ಪೇಸ್ಟ್ ಉಜ್ಜುವ ಉಪಾಯ ಬೇಡ. ಲೇಬಲ್ ಇರುವ ಮೇಲ್ಭಾಗ ಗಟ್ಟಿ ಅಂದುಕೊಳ್ಳುತ್ತಾರೆ, ನಿಜ ಉಲ್ಟಾ: ಲೋಹದ ಪದರ ಇರುವುದು ಲೇಬಲ್ಲಿನ ಕೆಳಗೇ. ಬಲ್ಬಿಗೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿದರೆ ಅಷ್ಟು ಭಾಗ ಹೋಯಿತು ಅಂತಲೇ ಲೆಕ್ಕ.

ಯುಎಸ್‌ಬಿ ಡಿವಿಡಿ ಡ್ರೈವ್ ಸಾಕು. ಅದು ವಿಸಿಡಿ ಮಾದರಿಯಲ್ಲಿ ಬರೆದದ್ದಾದರೆ ಒಳಗೆ ‘ಎಂಪೆಗ್ ಎವಿ’ ಫೋಲ್ಡರ್, ಅದರಲ್ಲಿ ‘ಡ್ಯಾಟ್’ ಫೈಲ್ ಇರುತ್ತದೆ. ನೇರ ಕಾಪಿ ಹಾಕಿದರೆ ಅರ್ಧಕ್ಕೆ ನಿಂತು ‘ಸೈಕ್ಲಿಕ್ ರಿಡಂಡೆನ್ಸಿ’ ಎರರ್ ಬರಬಹುದು. ಡೇಟಾ ಸಿಡಿಯ ಒಂದೊಂದು ಸೆಕ್ಟರ್‌ನಲ್ಲಿ, ಅಂದರೆ ಡೇಟಾದ ಒಂದೊಂದು ತುಂಡಿನಲ್ಲಿ, 2048 ಬೈಟ್ ಮಾಹಿತಿ, ಮಿಕ್ಕ ಜಾಗ ತಪ್ಪು ತಿದ್ದಲು ಮೀಸಲು. ವಿಸಿಡಿಯಲ್ಲಿ ಆ ಜಾಗವನ್ನೂ ವೀಡಿಯೊಗೇ ಕೊಟ್ಟು 2324 ಬೈಟ್ ತುಂಬುತ್ತಾರೆ. ಹಾಗಾಗಿ ಸಣ್ಣ ಗೀರಿಗೂ ವಿಂಡೋಸ್ ಕೈಚೆಲ್ಲುತ್ತದೆ. ಐಸೊಬಸ್ಟರ್ ಥರದ ಸಾಫ್ಟ್‌ವೇರ್ ಕೆಟ್ಟ ಸೆಕ್ಟರ್ ಬಿಟ್ಟು ಮಿಕ್ಕಿದ್ದನ್ನು ಎತ್ತುತ್ತದೆ. ಅಲ್ಲಿ ಚಿತ್ರ ಒಂದು ಕ್ಷಣ ಚೌಕಚೌಕ ಆಗುತ್ತದೆ, ಅಷ್ಟೇ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಡ್ರೈವ್ ಓದುವುದೂ ಉಂಟು.

ಸಿಕ್ಕ ಫೈಲನ್ನು ಹಾಗೆಯೇ ಇಡಿ. 352×288 ಚಿತ್ರವನ್ನು ಎಚ್‌ಡಿ ಮಾಡಿಕೊಡ್ತೀವಿ ಅನ್ನುವವರು ಮುಖಗಳನ್ನು ಮೇಣದ ಬೊಂಬೆ ಮಾಡಿ ಕೊಡುತ್ತಾರೆ. ಒಂದು ಪ್ರತಿ ಕಂಪ್ಯೂಟರಲ್ಲಿ, ಒಂದು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಲ್ಲಿರುವ ನೆಂಟರ ಮನೆಯಲ್ಲಿ.

ರಟ್ಟು_ದಾರ:
ಪುಸ್ತಕದ್ದು ನಾನು ಹೇಳ್ತೀನಿ. ಬೈಂಡಿಂಗ್‌ಗೆ ಕೊಡೋದು ತಪ್ಪಲ್ಲ, ಆದ್ರೆ ಬಾಯಿಬಿಟ್ಟು ಹೇಳದೇ ಕೊಟ್ರೆ ಎರಡು ಕೆಲಸ ಮಾಡೇ ಮಾಡ್ತಾರೆ. ಮೂರು ಕಡೆ ಮಷೀನ್ ಕಟಿಂಗ್ ಹೊಡೀತಾರೆ, ಅಂಚಿನ ಖಾಲಿ ಜಾಗ ಹೋಗುತ್ತೆ. ಆಮೇಲೆ ಬದಿಯಿಂದ ತೂತು ಕೊರೆದು ಹೊಲೀತಾರೆ, ಪುಸ್ತಕ ಪೂರ್ತಿ ಬಿಚ್ಚಿಕೊಳ್ಳಲ್ಲ, ಒಳಗಿನ ಅಕ್ಷರ ಹೊಲಿಗೆ ಒಳಗೇ ಉಳೀತವೆ. ದಪ್ಪ ಕಾದಂಬರಿಗೆ ಇದು ಶಿಕ್ಷೆ.

ಮೊದಲು ಬೆನ್ನನ್ನು ಮೇಲಿಂದ ನೋಡಿ. ಮಡಚಿದ ಹಾಳೆಗಳ ಕಂತೆಕಂತೆ ಕಂಡ್ರೆ ಅದು ಫಾರಂ ಹೊಲಿಗೆ, ದಾರ ಬದಲಾಯಿಸಿ ಅದೇ ತೂತಲ್ಲಿ ಮತ್ತೆ ಹೊಲಿಯಬಹುದು. ಬರೀ ಬಿಡಿ ಹಾಳೆಗಳ ನೇರ ಗೆರೆ ಕಂಡ್ರೆ ಗೋಂದಿನ ಬೈಂಡಿಂಗ್. ಆಮೇಲೆ ಕೊನೇ ಖಾಲಿ ಹಾಳೆಯ ಮೂಲೆ ಒಂದಿಷ್ಟು ಮಡಚಿ ಬಿಚ್ಚಿ. ಎರಡು ಮೂರು ಸಲಕ್ಕೇ ಮುರಿದು ಕೈಗೆ ಬಂದ್ರೆ ಕಾಗದದ ಜೀವ ಮುಗಿದಿದೆ, ಹೊಲಿಗೆ ತಡೆಯಲ್ಲ. ಅಂಥದ್ದಕ್ಕೆ ಆಮ್ಲ ಇಲ್ಲದ ರಟ್ಟಿನ ಪೆಟ್ಟಿಗೆ ಮಾಡಿ ಇಡೋದೊಂದೇ ದಾರಿ. ಓದೋಕೆ ಹೊಸ ಪ್ರತಿ ತಗೊಳ್ಳಿ.

ಗೋಂದಿನ ಬೈಂಡಿಂಗ್ ಆಗಿದ್ದು ಕಾಗದ ಗಟ್ಟಿಯಿದ್ರೆ ಮನೇಲೇ ಆಗುತ್ತೆ. ಹಳೇ ಗೋಂದು ಕೆರೆದು ತೆಗೆದು, ಹಾಳೆ ಕುಟ್ಟಿ ಸಮ ಮಾಡಿ, ಎರಡು ಹಲಗೆ ನಡುವೆ ಬೆನ್ನು ಒಂದು ಸೆಂಟಿಮೀಟರ್ ಹೊರಗೆ ಬರೋ ಹಾಗೆ ಬಿಗೀರಿ. ಹೊರಗಿರೋ ಬೆನ್ನನ್ನು ಎಡಕ್ಕೆ ಬಾಗಿಸಿ ತೆಳ್ಳಗೆ ಗೋಂದು ಹಚ್ಚಿ, ಆಮೇಲೆ ಬಲಕ್ಕೆ ಬಾಗಿಸಿ ಹಚ್ಚಿ. ಹೀಗೆ ಮಾಡಿದ್ರೆ ಒಂದೊಂದು ಹಾಳೆ ಅಂಚಿಗೂ ಕೂದಲೆಳೆಯಷ್ಟು ಗೋಂದು ಒಳಗಿಳಿಯುತ್ತೆ. ಬಾಗಿಸದೇ ಮೇಲಷ್ಟೇ ಬಳಿದ್ರೆ ಆರು ತಿಂಗಳಿಗೆ ಮತ್ತೆ ಉದುರುತ್ತೆ. ಮೇಲೆ ತೆಳು ಮಲ್‌ಮಲ್ ಬಟ್ಟೆ ಪಟ್ಟಿ, ಎರಡೂ ಕಡೆ ಒಂದೊಂದು ಇಂಚು ಹೆಚ್ಚಿಗೆ ಇರಲಿ. ಒಂದು ರಾತ್ರಿ ಮುಟ್ಟಬೇಡಿ. ಗೋಂದು ಬೈಂಡಿಂಗ್‌ಗೆ ಅಂತಲೇ ಸಿಗೋ, ಒಣಗಿದ ಮೇಲೂ ಬಳುಕೋ ಬಿಳಿ ಗೋಂದು ಆಗಿರ್ಬೇಕು. ಬಡಗಿಗಳು ಬಳಸೋದು ಗಟ್ಟಿಯಾಗಿ ಬೆನ್ನು ಬಿರಿಯುತ್ತೆ.

ಹರಿದ ಹಾಳೆಗೆ ಮೈದಾ ಅಂಟು. ಒಂದು ಪಾಲು ಮೈದಾ, ಐದು ಪಾಲು ನೀರು, ಗಂಟಿಲ್ಲದ ಹಾಗೆ ಕಲಸಿ ಸಣ್ಣ ಉರೀಲಿ ಕೈಬಿಡದೇ ಹತ್ತು ನಿಮಿಷ. ಬಿಳಿ ಹೋಗಿ ಗಾಜಿನ ಥರ ಆದ್ಮೇಲೆ ಇಳಿಸಿ ಸೋಸಿ. ಫ್ರಿಡ್ಜಲ್ಲಿ ಮೂರು ದಿನ, ಹುಳಿ ವಾಸನೆ ಬಂದ್ರೆ ಚೆಲ್ಲಿ. ಹುಳ ಬರಬಾರದು ಅಂತ ಹಳಬರು ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸ್ತಿದ್ರು. ನೀವು ಬೆರೆಸಬೇಡಿ, ವಿಷ ಅನ್ನೋದು ಒಂದು, ತಾಮ್ರ ಸೇರಿದ ಕಾಗದ ಬೇಗ ಸುಟ್ಟ ಹಾಗೆ ಕಂದಾಗುತ್ತೆ ಅನ್ನೋದು ಇನ್ನೊಂದು. ಜಪಾನಿ ಟಿಶ್ಯೂ ಅಂತ ಆನ್‌ಲೈನಲ್ಲಿ ಸಿಗುತ್ತೆ, 9ರಿಂದ 12 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ್ದು. ಕತ್ತರಿ ಹಾಕ್ಬೇಡಿ, ನೀರಲ್ಲಿ ಗೆರೆ ಎಳೆದು ಕೈಯಲ್ಲಿ ಹರೀರಿ, ಅಂಚಿನ ಎಳೆಗಳೇ ಕಾಗದಕ್ಕೆ ಹಿಡ್ಕೊಳ್ಳೋದು. ಪಟ್ಟಿ 6 ಮಿಲಿಮೀಟರ್ ಸಾಕು.

ಸೆಲ್ಲೋಟೇಪನ್ನು ಎಳೀಬೇಡಿ, ಅಕ್ಷರ ಸಮೇತ ಬರುತ್ತೆ. ಹಾಳೆ ಹಿಂದಿನಿಂದ ಹೇರ್ ಡ್ರೈಯರ್ ಸಣ್ಣ ಕಾವು ಕೊಟ್ಟು, ಚಪ್ಪಟೆ ಚಾಕುವಲ್ಲಿ ಒಂದು ಮೂಲೆಯಿಂದ ನಿಧಾನ ಎತ್ತಿ. ಕಂದು ಕಲೆ ಉಳಿಯುತ್ತೆ, ಅದನ್ನ ಹಾಗೇ ಬಿಡಿ.

ಮಂಡಕ್ಕಿ_ಭಟ್ಟಿ:
ಇಷ್ಟೆಲ್ಲ ಯಾಕ್ರಿ? ಫೋಟೊ ಲ್ಯಾಮಿನೇಟ್ ಮಾಡ್ಸಿ, ಟ್ರಂಕಿಗೆ ನಾಕು ಡಾಂಬರ್ ಗುಳಿಗೆ ಹಾಕಿ ಮುಚ್ಚಿಬಿಡ್ರಿ. ನೀರಿಗೂ ಹೆದರಂಗಿಲ್ಲ, ಹುಳಕ್ಕೂ ಹೆದರಂಗಿಲ್ಲ.

ಕಲರ್_ಲ್ಯಾಬ್:
ಅಣ್ಣ, ಅಸಲಿ ಫೋಟೊಗೆ ಬಿಸಿ ಲ್ಯಾಮಿನೇಶನ್ ಬೇಡವೇ ಬೇಡ. ನೂರು ಡಿಗ್ರಿ ದಾಟಿದ ರೋಲರ್ ಕೆಳಗೆ ಹೋದದ್ದು ಮತ್ತೆ ಬಿಡಿಸಲು ಬರುವುದಿಲ್ಲ. ಅಂಚಿನಿಂದ ತೇವ ಒಳಹೊಕ್ಕರೆ ಫೋಟೊದ ಮೇಲ್ಪದರ ಪ್ಲಾಸ್ಟಿಕ್ಕಿಗೇ ಕಚ್ಚಿಕೊಳ್ಳುತ್ತದೆ. ಬೇಕಾದರೆ ಸ್ಕ್ಯಾನ್ ಮಾಡಿ ತೆಗೆದ ಹೊಸ ಪ್ರಿಂಟಿಗೆ ಮಾಡಿಸಲಿ. ಡಾಂಬರ್ ಗುಳಿಗೆಯ ಹಬೆ ಫೋಟೊ, ಪ್ಲಾಸ್ಟಿಕ್ ಎರಡಕ್ಕೂ ಒಗ್ಗುವುದಿಲ್ಲ, ಹಾಳೆ ತಿರುವುವವರ ಮೂಗಿಗೂ ಒಳ್ಳೆಯದಲ್ಲ. ಪುಸ್ತಕದಲ್ಲಿ ಹುಳ ಇದ್ದರೆ ಗಾಳಿ ಒತ್ತಿ ತೆಗೆದ ಜಿಪ್ ಕವರಿನಲ್ಲಿ ಹಾಕಿ ಮೈನಸ್ 18 ಡಿಗ್ರಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಕವರ್ ಬಿಚ್ಚದೆ ಒಂದು ದಿನ ಬಿಡಬೇಕು, ಇಲ್ಲವಾದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತದೆ. ಒಂಟಿ ಬಾಗಿಲ ಫ್ರಿಡ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವುದಿಲ್ಲ.

ಆಲ್ಬಮ್ಮಿನಿಂದ ಫೋಟೊ ಬಿಡಿಸಲು ಹಲ್ಲಿನ ಸಂದಿಗೆ ಬಳಸುವ ದಾರ ಇದೆಯಲ್ಲ, ಮೇಣ ಇಲ್ಲದ್ದು, ಅದನ್ನು ಫೋಟೊದ ಹಿಂದೆ ತೂರಿಸಿ ಗರಗಸದ ಹಾಗೆ ಆಡಿಸಿ. ಫೋಟೊ ಬಾಗಬಾರದು. ಬರದಿದ್ದರೆ ಹಠ ಮಾಡಬೇಡಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಕಟ್ಟಿನ ಗಾಜಿಗೆ ಅಂಟಿಕೊಂಡದ್ದಕ್ಕೂ ಇದೇ ಮಾತು, ಗಾಜಿನ ಮೇಲಿಂದಲೇ ಸ್ಕ್ಯಾನ್.

ಪ್ರಿಂಟನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಟಿಫ್ ಫೈಲಾಗಿ, 48 ಬಿಟ್ ಬಣ್ಣದಲ್ಲಿ ಉಳಿಸಿ. 4×6 ಇಂಚಿನ ಒಂದು ಫೋಟೊ ಸುಮಾರು 52 ಎಂಬಿ ಆಗುತ್ತದೆ. ಕೆಟ್ಟ ಬಣ್ಣ ಎಳೆದು ಸರಿಪಡಿಸಲು ಆ ಹೆಚ್ಚುವರಿ ಬಿಟ್ ಬೇಕೇ ಬೇಕು, ಜೆಪೆಗ್‌ನಲ್ಲಿ ಎಳೆದರೆ ಆಕಾಶ ಪಟ್ಟೆಪಟ್ಟೆ ಆಗುತ್ತದೆ. ಸ್ಕ್ಯಾನರಿನ ‘ಆಟೊ ಕಲರ್’ ಆಫ್ ಇರಲಿ. ಮೇಲ್ಮೈ ಜೇನುಗೂಡಿನ ಹಾಗೆ ತರಿತರಿ ಇರುವ ಪ್ರಿಂಟನ್ನು ಒಮ್ಮೆ ನೇರ, ಒಮ್ಮೆ 180 ಡಿಗ್ರಿ ತಿರುಗಿಸಿ ಸ್ಕ್ಯಾನ್ ಮಾಡಿ. ಎರಡನೆಯದನ್ನು ಕಂಪ್ಯೂಟರಲ್ಲಿ ಮತ್ತೆ ನೇರ ಮಾಡಿ, ಮೊದಲಿನದರ ಮೇಲೆ 50% ಪಾರದರ್ಶಕ ಮಾಡಿ ಕೂರಿಸಿದರೆ ತರಿ ಬಹುಪಾಲು ಅಡಗುತ್ತದೆ. ನೆಗೆಟಿವ್ ಇರುವುದಕ್ಕೆ ಪ್ರಿಂಟ್ ಮುಟ್ಟಲೇ ಬೇಡಿ, ನೆಗೆಟಿವನ್ನೇ 3200 ಡಿಪಿಐನಲ್ಲಿ ತೆಗೆಸಿ. ಬಣ್ಣ ಅದರಲ್ಲಿ ಹೆಚ್ಚು ಉಳಿದಿರುವ ಸಾಧ್ಯತೆ ಇದೆ.

ಕೆಂಪಡರುವುದು ಯಾಕೆ ಅಂದರೆ, ಕಲರ್ ಪ್ರಿಂಟಿನಲ್ಲಿ ಸಯಾನ್, ಮಜೆಂಟಾ, ಹಳದಿ ಮೂರು ಪದರ. ಕೆಂಪು ಬೆಳಕನ್ನು ತಡೆಯುವುದು ಸಯಾನ್. ಆಗಿನ ಪ್ರಿಂಟುಗಳಲ್ಲಿ ಸಯಾನ್ ಕತ್ತಲಲ್ಲಿ ಇಟ್ಟರೂ ತಾನಾಗಿ ಕಳೆಯುತ್ತದೆ, ಕಾವಿಗೆ ಇನ್ನೂ ಬೇಗ. ಹಳೇ ಸಿನಿಮಾ ರೀಲುಗಳು ಗುಲಾಬಿಗೆ ತಿರುಗುವುದೂ ಇದರಿಂದಲೇ. ಹಸಿರು ಅಂದರೆ ಸಯಾನ್ ಜೊತೆ ಹಳದಿ, ಸಯಾನ್ ಹೋದರೆ ಹಳದಿ ಉಳಿಯಿತು, ನಿಮ್ಮ ಸೀರೆ ಕಂದಾಯಿತು.

ಜಿಂಪ್ ಫೋಟೊ ತಿದ್ದುವ ಉಚಿತ ಸಾಫ್ಟ್‌ವೇರ್. ‘ಲೆವೆಲ್ಸ್’ ತೆರೆದು ಕೆಂಪು ಚಾನೆಲ್ ಆರಿಸಿ; ಅಲ್ಲಿ ಕಾಣುವ ನಕ್ಷೆಯ ಗುಡ್ಡೆ ಬಲಕ್ಕೆ ಒತ್ತಿಕೊಂಡು ಎಡಭಾಗ ಖಾಲಿ ಇರುತ್ತದೆ. ಎಡಗಡೆಯ ಕಪ್ಪು ತ್ರಿಕೋನವನ್ನು ಗುಡ್ಡೆ ಶುರುವಾಗುವ ಕಡೆಗೆ ತನ್ನಿ. ನೀಲಿ ಚಾನೆಲ್ಲಿನಲ್ಲಿ ಬಲಗಡೆಯ ಬಿಳಿ ತ್ರಿಕೋನವನ್ನು ಒಳಗೆ ತಂದರೆ ಬಿಳಿ ಭಾಗದ ಹಳದಿ ಕಲೆ ಇಳಿಯುತ್ತದೆ. ಆಮೇಲೆ ಬೂದು ಬಿಂದು ಆರಿಸುವ ಡ್ರಾಪರ್ ಹಿಡಿದು, ಫೋಟೊದಲ್ಲಿ ನಿಜಕ್ಕೂ ಬೂದು ಬಣ್ಣದ್ದಾಗಿದ್ದ ಒಂದು ಜಾಗ ಒತ್ತಬೇಕು. ಎಲ್ಲರೂ ಎಡವುವುದು ಇಲ್ಲಿ. ದುರ್ಗದ ಬಂಡೆಯನ್ನು ಬೂದು ಅಂತ ಒತ್ತಬೇಡಿ, ಬಿಸಿಲು ಮಳೆ ತಿಂದ ಕಲ್ಲಿನ ಮೈ ಕೆಂಗಂದು. ಅದನ್ನು ಬೂದು ಮಾಡಿದರೆ ಮನುಷ್ಯರ ಮುಖ ನೀಲಿಗಟ್ಟುತ್ತದೆ. ಬಿಳಿ ಪಂಚೆಯೂ ಬೇಡ, ನೀಲಿ ಹಾಕಿ ಒಗೆದಿರುತ್ತಾರೆ. ಡಾಂಬರ್ ರಸ್ತೆ, ನರೆತ ಕೂದಲು, ಸ್ಟೀಲ್ ಟಿಫಿನ್ ಡಬ್ಬಿಯ ನೆರಳಿನ ಭಾಗ, ಇವು ಪರವಾಗಿಲ್ಲ.

ಹಳೇ_ಜಿಲ್ಲೆ:
ಹೊಸ ಆಲ್ಬಮ್ಮಿಗೆ ಶೀರ್ಷಿಕೆ ಬರೆಯುವಾಗ ಫೋಟೊದ ಹಿಂದಿನ ಬರಹ, ಸ್ಟುಡಿಯೊ ಮುದ್ರೆ ಎರಡನ್ನೂ ಸ್ಕ್ಯಾನ್ ಮಾಡಿಕೊಳ್ಳಿ. ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಅಂತ ಮುದ್ರೆ ಇದ್ದರೆ, ದಾವಣಗೆರೆ ಬೇರೆ ಜಿಲ್ಲೆಯಾದ 1997ರ ಆಗಸ್ಟ್ 15ಕ್ಕೆ ಮುಂಚಿನ ಮುದ್ರೆ ಅನ್ನಬಹುದು, ಹಳೇ ಮುದ್ರೆಯನ್ನೇ ಆಮೇಲೂ ಒತ್ತಿರಬಹುದು ಅನ್ನುವುದು ನೆನಪಿರಲಿ. ಸಂತೇಬೆನ್ನೂರಿಗೆ ‘ಶಿವಮೊಗ್ಗ ಜಿಲ್ಲೆ’ ಅಂತ ಬರೆದಿದ್ದರೆ ತಪ್ಪು ಅಂತ ತಿದ್ದಲು ಹೋಗಬೇಡಿ, ಅದು ಸೇರಿದ ಚನ್ನಗಿರಿ ತಾಲ್ಲೂಕು ಆಗ ಆ ಜಿಲ್ಲೆಯಲ್ಲೇ ಇತ್ತು. ಮಾರಿಕಣಿವೆ ಕೋಡಿ ಹರಿಯುವ ಫೋಟೊ ಇದ್ದರೆ ಅದು 80, 90ರ ದಶಕದ್ದಲ್ಲ. 1933 ಆದಮೇಲೆ ಮತ್ತೆ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ.

ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಮುಂದಕ್ಕೆ ಉಬ್ಬುತ್ತದೆ. ಕಲರ್ ಪ್ರಿಂಟಿನ ಹಿಂಬದಿ ಪ್ಲಾಸ್ಟಿಕ್ ಲೇಪದ್ದು, ಪೆನ್ಸಿಲ್ಲೂ ಹಿಡಿಯುವುದಿಲ್ಲ. ಚೀಟಿಯಲ್ಲಿ ಬರೆದು ಜೊತೆಗಿಡಿ. ಕವರ್ ಪಾಲಿಪ್ರೊಪಿಲೀನ್ ಇರಲಿ. ಹೊಸ ರೈನ್‌ಕೋಟಿನ ವಾಸನೆ ಹೊಡೆಯುವುದು ಪಿವಿಸಿ, ಅದು ಬೇಡ.

ಕುಂದವಾಡ_ಕೆರೆ:
ಎಲ್ಲರಿಗೂ ಧನ್ಯವಾದ. ಸಿಡಿಗೆ ಡ್ರೈವ್ ಆರ್ಡರ್ ಮಾಡಿದೆ. ಅಂದಹಾಗೆ ಆ ಇಳಕಲ್ ಸೀರೆ ಇನ್ನೂ ಇದೆ. ಬಣ್ಣ ಹೊಂದಿಸೋಕೆ ಅದು ಉಪಯೋಗಕ್ಕೆ ಬರುತ್ತಾ?

ಕಲರ್_ಲ್ಯಾಬ್:
ಬರುತ್ತದೆ, ಇದಕ್ಕಿಂತ ಒಳ್ಳೆಯ ಆಧಾರ ಬೇರೆ ಇಲ್ಲ. ಮಡಿಕೆಯ ಹೊರಭಾಗ ಮಾಸಿರುತ್ತದೆ, ಒಳ ಮಡಿಕೆ ಬಿಡಿಸಿ. ಹಗಲಲ್ಲಿ ಪಡಸಾಲೆಯ ನೆರಳಿನಲ್ಲಿ ಹರಡಿ, ಟ್ಯೂಬ್‌ಲೈಟ್ ಆರಿಸಿ, ಪಕ್ಕದಲ್ಲಿ ಗ್ರೇ ಕಾರ್ಡ್ (ಬಣ್ಣ ಹೊಂದಿಸಲೆಂದೇ ಸಿಗುವ ಅಚ್ಚ ಬೂದು ರಟ್ಟು) ಇಟ್ಟು ಫೋಟೊ ತೆಗೆಯಿರಿ. ಕಾರ್ಡಿನ ಮೇಲೆ ಒತ್ತಿ ಬಿಳಿ ಸಮ ಮಾಡಿಕೊಂಡರೆ ನಿಜವಾದ ಗಿಳಿಹಸಿರು ಸಿಗುತ್ತದೆ.

ಹಳೇ ಫೋಟೊದಲ್ಲಿ ಇಡೀ ಚಿತ್ರದ ಲೆವೆಲ್ಸ್ ಮುಗಿದ ಮೇಲೆ ಸೀರೆಯ ಒಡಲನ್ನಷ್ಟೇ ಆಯ್ದುಕೊಂಡು, ‘ಹ್ಯೂ’ವನ್ನು (ಬಣ್ಣದ ಛಾಯೆಯನ್ನು) ಆ ಹಸಿರಿನ ಹತ್ತಿರಕ್ಕೆ ತನ್ನಿ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಸೆರಗು ಹೇಳುತ್ತದೆ. ಸೆರಗಿನ ಕೆಂಪು ಮಜೆಂಟಾ ಮತ್ತು ಹಳದಿಯಿಂದ ಆದದ್ದು, ಅದು ಅಷ್ಟಾಗಿ ಕೆಟ್ಟಿರುವುದಿಲ್ಲ. ಲೆವೆಲ್ಸ್ ಎಳೆಯುವಾಗ ಸೆರಗು ಕರಿಗೆಂಪಾಗತೊಡಗಿದರೆ ಕೆಂಪು ಚಾನೆಲ್ ಅತಿಯಾಗಿದೆ, ಹಿಂದೆ ಬನ್ನಿ. ಮಡಿಕೆಗಳ ನೆರಳಲ್ಲಿ ಸಯಾನ್ ಪೂರ್ತಿ ಹೋಗಿದ್ದರೆ ಅಲ್ಲಿ ಹಸಿರು ತುಂಬಲು ಹೋಗಬೇಡಿ, ಬಣ್ಣ ಬಳಿದ ಕ್ಯಾಲೆಂಡರ್ ಆಗುತ್ತದೆ.

ಹಸಿರು ಸ್ವಲ್ಪ ಕಡಿಮೆ, ಸರಿ, ಸ್ವಲ್ಪ ಹೆಚ್ಚು ಅಂತ ಮೂರು ಫೈಲ್ ಮಾಡಿ 4×6 ಪ್ರಿಂಟ್ ಹಾಕಿಸಿ. ಲ್ಯಾಬಿನವರಿಗೆ ‘ಕರೆಕ್ಷನ್ ಬೇಡ’ ಅಂತ ಹೇಳದಿದ್ದರೆ ಅವರ ಮಷೀನ್ ನಿಮ್ಮ ಮೂರನ್ನೂ ಒಂದೇ ಮಾಡಿ ಕೊಡುತ್ತದೆ. ಸೀರೆಯ ಪಕ್ಕ ಹಗಲು ಬೆಳಕಿನಲ್ಲಿ ಇಟ್ಟು ಒಂದನ್ನು ಆರಿಸಿ. 4×6ರ 600 ಡಿಪಿಐ ಸ್ಕ್ಯಾನಿನಿಂದ 8×12ರವರೆಗೆ ದೊಡ್ಡದು ಮಾಡಿಸಬಹುದು. ಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ಮೌಂಟ್ ಬೋರ್ಡ್ ಇರಲಿ, ಪಡುವಣ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ.