ಅಪ್‌ಡೇಟ್: ಕಾಫಿ ಡ್ರೈಯರ್ ಕಂಟ್ರೋಲರ್ ತಡವಾಗುತ್ತಿದ್ದ ಕಾರಣ ಸಿಕ್ಕಿತು

ಸೋಮವಾರಪೇಟೆಯ ನಮ್ಮ ತೋಟದ ಡ್ರೈಯರ್‌ನಲ್ಲಿ ತಾಪಮಾನ ಓದುವ ಟಾಸ್ಕ್ ಆಗಾಗ ತಡವಾಗುತ್ತದೆ, ಫ್ರೀಆರ್‌ಟಿಒಎಸ್‌ನಲ್ಲಿ (ಚಿಕ್ಕ ಕಂಟ್ರೋಲರ್‌ಗಳಲ್ಲಿ ಹಲವು ಟಾಸ್ಕ್‌ಗಳನ್ನು, ಅಂದರೆ ಕೆಲಸಗಳನ್ನು, ಆದ್ಯತೆಯಂತೆ ನಡೆಸುವ ಸಾಫ್ಟ್‌ವೇರ್) ಇದರ ಕಾರಣ ಹಿಡಿಯುವುದು ಹೇಗೆ ಅಂತ ಕೇಳಿದ್ದೆ. ‘ಪ್ರಿಂಟ್‌ಎಫ್ (ಕೋಡ್‌ನಿಂದ ಸಂದೇಶ ಮುದ್ರಿಸುವುದು) ಬಿಡಿ, ಅದೇ ಟೈಮಿಂಗ್ ಕೆಡಿಸುತ್ತೆ’ ಎಂದವರಿಗೆ ದೊಡ್ಡ ನಮಸ್ಕಾರ. ಪ್ರತಿ ಟಾಸ್ಕ್‌ಗೂ ಒಂದು ಪಿನ್ ಕೊಟ್ಟು, ಶುರುವಾದಾಗ ಹೈ, ಮುಗಿದಾಗ ಲೋ ಮಾಡಿ ಪಿನ್‌ಗಳ ಏರಿಳಿತವನ್ನು ಸಮಯದ ಜೊತೆ ದಾಖಲಿಸುವ ಲಾಜಿಕ್ ಅನಲೈಸರ್ ಹಾಕಿದೆ. ಕಡಿಮೆ ಆದ್ಯತೆಯ ಡಿಸ್‌ಪ್ಲೇ ಟಾಸ್ಕ್ ಐ2ಸಿ ಬಸ್ಸಿನ (ಚಿಪ್‌ಗಳು ಹಂಚಿಕೊಳ್ಳುವ ತಂತಿಗಳು) ಸೆಮಾಫೋರ್ (ಒಂದು ಸಲಕ್ಕೆ ಒಂದೇ ಟಾಸ್ಕ್‌ಗೆ ಸಿಗುವ ಬೀಗ) ಹಿಡಿದಿರುವಾಗಲೇ ಮಧ್ಯಮ ಆದ್ಯತೆಯ ಎಸ್ಸೆಮ್ಮೆಸ್ ಟಾಸ್ಕ್ ನಡುವೆ ನುಗ್ಗುತ್ತದೆ. ಎಲ್ಲಕ್ಕಿಂತ ಹೆಚ್ಚು ಆದ್ಯತೆಯ ತಾಪಮಾನದ ಟಾಸ್ಕ್ ಅದೇ ಬಸ್ಸಿಗಾಗಿ ಕಾಯುತ್ತಾ ಕೂರುತ್ತದೆ. 1997ರಲ್ಲಿ ಮಂಗಳನ ಮೇಲೆ ನಾಸಾದ ನೌಕೆ ಪಾತ್‌ಫೈಂಡರ್ ಪದೇ ಪದೇ ರೀಸೆಟ್ ಆದದ್ದೂ ಇದೇ ಪ್ರಯಾರಿಟಿ ಇನ್ವರ್ಷನ್‌ನಿಂದ (ಕಡಿಮೆ ಆದ್ಯತೆಯ ಟಾಸ್ಕ್ ಹೆಚ್ಚು ಆದ್ಯತೆಯದ್ದನ್ನು ಕಾಯಿಸುವುದು)! ನಾನು ಬಳಸಿದ್ದ ಬೈನರಿ ಸೆಮಾಫೋರ್‌ಗೆ ಪ್ರಯಾರಿಟಿ ಇನ್‌ಹೆರಿಟೆನ್ಸ್ (ಬೀಗ ಹಿಡಿದ ಟಾಸ್ಕ್‌ಗೆ, ಕಾಯುತ್ತಿರುವ ಟಾಸ್ಕ್‌ನ ಹೆಚ್ಚಿನ ಆದ್ಯತೆ ತಾತ್ಕಾಲಿಕವಾಗಿ ಸಿಗುವುದು) ಇಲ್ಲ, ಮ್ಯೂಟೆಕ್ಸ್ ಎಂಬ ಇನ್ನೊಂದು ಬಗೆಯ ಬೀಗಕ್ಕೆ ಇದೆ. ಮ್ಯೂಟೆಕ್ಸ್‌ಗೆ ಬದಲಿಸಿದ ಮೇಲೆ ತಡ ನಿಂತಿದೆ. ಅನಲೈಸರ್ ತೋರಿಸುವುದು ನಡೆದದ್ದನ್ನು ಮಾತ್ರ. ಹಾಗಾಗಿ ವರ್ಸ್ಟ್ ಕೇಸ್‌ನಲ್ಲಿ ತಡ ಎಷ್ಟಾಗಬಹುದು ಅಂತ ಈಗ ಲೆಕ್ಕ ಹಾಕುತ್ತಿದ್ದೇನೆ.