ಪದಚರ್ಚೆ: ‘ತ್ಯಾಜ್ಯದಿಂದ ವಿದ್ಯುತ್ ಘಟಕ’ವನ್ನು ಆಕ್ಷೇಪಣೆ ಪತ್ರದಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸುತ್ತ ಕಸದಿಂದ ಕರೆಂಟು ತಯಾರಿಸುವ ಘಟಕಗಳ ವಿಷಯ ಬಂದಾಗಲೆಲ್ಲ ಒಂದೊಂದು ಕಡೆ ಒಂದೊಂದು ಹೆಸರು ಕಾಣುತ್ತದೆ: ‘ತ್ಯಾಜ್ಯದಿಂದ ಇಂಧನ ಘಟಕ’, ‘ತ್ಯಾಜ್ಯ ವಿದ್ಯುತ್ ಸ್ಥಾವರ’, ‘ಕಸ ಸಂಸ್ಕರಣಾ ಘಟಕ’, ‘ಕಸ ಸುಡುವ ಘಟಕ’. ಸುತ್ತಲ ಹಳ್ಳಿ, ಬಡಾವಣೆಗಳವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕನ್ನಡದಲ್ಲಿ ಪತ್ರ ಬರೆಯುವಾಗ ಇವುಗಳಲ್ಲಿ ಯಾವುದು ಸರಿ? ‘ವಿಲೇವಾರಿ’ಗೂ ‘ಸಂಸ್ಕರಣೆ’ಗೂ ಇರುವ ಅಂತರವೇನು? ಬೂದಿಯಲ್ಲಿ ಎರಡು ಬಗೆ ಇದೆಯಂತೆ, ಅವಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಲೀಚೆಟ್’, ‘ಕ್ಯಾಲೊರಿಫಿಕ್ ವ್ಯಾಲ್ಯೂ’ ಇವಕ್ಕೆ ರೂಢಿಯ ಪದಗಳಿವೆಯೇ? ವಿರೋಧ, ತಕರಾರು, ಆಕ್ಷೇಪಣೆ, ಅಹವಾಲು ಇವುಗಳಲ್ಲಿ ಅರ್ಜಿಯ ತಲೆಬರಹಕ್ಕೆ ಹೊಂದುವುದು ಯಾವುದು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ನೀವು ಕೊಟ್ಟ ನಾಲ್ಕು ಹೆಸರುಗಳಲ್ಲಿ ಆಕ್ಷೇಪಣೆ ಪತ್ರಕ್ಕೆ ನಾಲ್ಕನೆಯದೇ ಹತ್ತಿರ. ಉಳಿದ ಮೂರು ಒಳಗಿನ ಯಂತ್ರ ಯಾವುದೆಂದು ಹೇಳುವುದೇ ಇಲ್ಲ. ಮಂಡಳಿಯ ಅಧಿಕಾರಿ ಉತ್ತರಿಸಬೇಕಾದದ್ದು ಯಂತ್ರದ ಬಗ್ಗೆ.

‘ತ್ಯಾಜ್ಯದಿಂದ ವಿದ್ಯುತ್’ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಹಸಿ ಕಸವನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿ, ಬರುವ ಗ್ಯಾಸಿನಿಂದ ಎಂಜಿನ್ ಓಡಿಸುವುದು ಒಂದು. ಅದು ಜೈವಿಕ ಅನಿಲ ಘಟಕ, ನಮ್ಮ ಗೋಬರ್ ಗ್ಯಾಸಿನ ದೊಡ್ಡಣ್ಣ. ಇಲ್ಲಿ ಚಿಮಣಿಯಿಂದ ಡಯಾಕ್ಸಿನ್ (ಕಸ ಸುಟ್ಟಾಗ ಹುಟ್ಟುವ ಕಡುವಿಷ) ಬರುವ ಪ್ರಶ್ನೆಯಿಲ್ಲ. ತೊಂದರೆ ಕೊಡುವುದು ವಾಸನೆ ಮತ್ತು ಉಳಿಯುವ ರಾಡಿ. ಇನ್ನೊಂದು, ಒಣ ಕಸವನ್ನೋ ಬೆರಕೆ ಕಸವನ್ನೋ ಕುಲುಮೆಯಲ್ಲಿ ಉರಿಸಿ, ಆ ಶಾಖದಿಂದ ಬಾಯ್ಲರಿನಲ್ಲಿ ಹಬೆ ಎಬ್ಬಿಸಿ ಟರ್ಬೈನ್ ತಿರುಗಿಸುವುದು. ಕಡಿಮೆ ಗಾಳಿಯಲ್ಲಿ ಕಾಯಿಸಿ ಅನಿಲ ತೆಗೆಯುವ ಗ್ಯಾಸಿಫಿಕೇಶನ್ ಮೂರನೆಯದು. ವಿವರಪುಸ್ತಿಕೆಗಳಲ್ಲಿ ಅದು ಹೆಚ್ಚು ಕಾಣಿಸುತ್ತದೆ, ನಗರದ ಬೆರಕೆ ಕಸದ ಮೇಲೆ ಸತತವಾಗಿ ಓಡಿದ್ದು ಕಡಿಮೆ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿರುವುದು ಎರಡನೆಯ ಬಗೆ: ದಿನಕ್ಕೆ 600 ಟನ್ ಕಸ, 11.5 ಮೆಗಾವಾಟ್.

ಆದ್ದರಿಂದ ಪತ್ರದ ಮೊದಲ ಸಾಲಿನಲ್ಲೇ ‘ಘನತ್ಯಾಜ್ಯವನ್ನು ಸುಟ್ಟು ವಿದ್ಯುತ್ ಉತ್ಪಾದಿಸುವ ಘಟಕ’ ಎಂದು ಬರೆಯಿರಿ. ‘ಸುಟ್ಟು’ ಎಂಬ ಒಂದು ಪದ ಬಿಟ್ಟುಹೋದರೆ ಮುಂದಿನ ಆಕ್ಷೇಪಗಳಿಗೆ ಆಧಾರ ಇಲ್ಲದಾಗುತ್ತದೆ. ‘ಭಸ್ಮೀಕರಣ’, ‘ದಹನಕ’ ಎಂಬ ಪದಗಳೂ ಕಡತಗಳಲ್ಲಿ ಸಿಗುತ್ತವೆ. ‘ಭಸ್ಮೀಕರಣ’ ಆಸ್ಪತ್ರೆ ತ್ಯಾಜ್ಯದ ಸಂದರ್ಭದಲ್ಲಿ ನೆಲೆಯೂರಿದೆ, ಇಲ್ಲಿ ಬಳಸಿದರೆ ಗೊಂದಲ. ‘ಸುಡುವುದು’ ಎಲ್ಲರಿಗೂ ತಿಳಿಯುವ ಮಾತು, ಕಾನೂನಿನ ದೃಷ್ಟಿಯಿಂದಲೂ ಕೊರತೆಯಿಲ್ಲ.

ಸಂಸ್ಕರಣೆ ಮತ್ತು ವಿಲೇವಾರಿ: ಪತ್ರಿಕೆಗಳಲ್ಲಿ ಎರಡೂ ಒಂದರ ಬದಲು ಇನ್ನೊಂದು ಬಳಕೆಯಾಗುತ್ತವೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅವನ್ನು ಬೇರೆ ಮಾಡಿದ್ದವು. 2026ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ. ಇಲ್ಲಿ ‘ನಿಯಮ’ ಎಂದು ಹೇಳುವ ಅಂಕಿಗಳೆಲ್ಲ 2016ರವು, ಪತ್ರಕ್ಕೆ ಹಾಕುವ ಮೊದಲು ಹೊಸದರಲ್ಲಿ ನೋಡಿಕೊಳ್ಳಿ. ಗೊಬ್ಬರ ಮಾಡುವುದು, ಗ್ಯಾಸ್ ತೆಗೆಯುವುದು, ಮರುಬಳಕೆಗೆ ಬೇರ್ಪಡಿಸುವುದು ಸಂಸ್ಕರಣೆ. ಅದೆಲ್ಲ ಆದ ಮೇಲೆ ಉಳಿದದ್ದನ್ನು ನೆಲದಲ್ಲಿ ಕೊನೆಗಾಣಿಸುವುದು ವಿಲೇವಾರಿ. ಅದಕ್ಕೆ ಸರ್ಕಾರಿ ಪದ ‘ಭೂಭರ್ತಿ’. ಬೆಂಗಳೂರಿನ ಹೊರವಲಯದ ಮಾವಳ್ಳಿಪುರದಲ್ಲೂ ಮಂಡೂರಿನಲ್ಲೂ ಲಾರಿ ಲಾರಿ ಬೆರಕೆ ಕಸ ಬಂದು ಬಿತ್ತು, ಹಳ್ಳಿಯವರ ಹೋರಾಟದಿಂದ ಒಂದು 2012ರಲ್ಲಿ, ಇನ್ನೊಂದು 2014ರಲ್ಲಿ ನಿಂತಿತು. ಅವನ್ನು ಭೂಭರ್ತಿ ಎನ್ನುವುದೂ ಹೆಚ್ಚಾಯಿತು. ತಳಕ್ಕೆ ಹಾಸು, ರಸ ಹಿಡಿಯುವ ಕಾಲುವೆ, ದಿನದಿನದ ಮಣ್ಣಿನ ಹೊದಿಕೆ ಸರಿಯಾಗಿದ್ದರೆ ಮಾತ್ರ ಆ ಹೆಸರು. ಇಲ್ಲದಿದ್ದರೆ ‘ಕಸ ಸುರಿಯುವ ಜಾಗ’ ಅಷ್ಟೆ. ಅರ್ಜಿಯಲ್ಲಿ ಈ ಭೇದ ಕಾಯ್ದುಕೊಳ್ಳಲು ಕಾರಣವಿದೆ. ವಸತಿಯಿಂದ 200 ಮೀಟರ್, ಕೆರೆಯಿಂದ 200 ಮೀಟರ್, ನದಿಯಿಂದ 100 ಮೀಟರ್ ಎಂಬ ದೂರಗಳು 2016ರ ನಿಯಮದಲ್ಲಿದ್ದದ್ದು ಭೂಭರ್ತಿಗೆ. ಸುಡುವ ಘಟಕದ ವಿರುದ್ಧ ಅದನ್ನೇ ಎತ್ತಿದರೆ ಒಂದು ವಾಕ್ಯದಲ್ಲಿ ತಳ್ಳಿಹಾಕುತ್ತಾರೆ. ಘಟಕಕ್ಕೆ ಅನ್ವಯಿಸುತ್ತಿದ್ದದ್ದು, ದಿನಕ್ಕೆ 5 ಟನ್ ಮೀರಿದ ಸಾಮರ್ಥ್ಯಕ್ಕೆ ಸುತ್ತ ಕಟ್ಟಡ ಬಾರದ ಬಫರ್ ವಲಯ ಇರಬೇಕೆಂಬ ನಿಯಮ. ಅದರ ಅಗಲ ಎಷ್ಟೆಂದು ಮಂಜೂರಾತಿಯಲ್ಲಿ ನೋಡಿ ಕೇಳಬೇಕು.

ಕ್ಯಾಲೊರಿಫಿಕ್ ವ್ಯಾಲ್ಯೂಗೆ, ಅಂದರೆ ಒಂದು ಕಿಲೋ ಕಸ ಉರಿದಾಗ ಸಿಗುವ ಶಾಖಕ್ಕೆ, ‘ಉಷ್ಣಮೌಲ್ಯ’ ಪಠ್ಯಪುಸ್ತಕದ ಪದ. ‘ಉರಿಬಲ’ ಎಂದವರೂ ಉಂಟು, ಚೆನ್ನಾಗಿದೆ, ಆದರೆ ಅರ್ಜಿಯಲ್ಲಿ ‘ಉಷ್ಣಮೌಲ್ಯ’ವೇ ಇರಲಿ. ಇಡೀ ಚರ್ಚೆಯಲ್ಲಿ ಇಷ್ಟು ಕೆಲಸ ಮಾಡುವ ಪದ ಇನ್ನೊಂದಿಲ್ಲ, ಹಾಗಾಗಿ ಲೆಕ್ಕ ಸಮೇತ ಹೇಳುತ್ತೇನೆ.

11.5 ಮೆಗಾವಾಟ್ ಘಟಕ ದಿನವಿಡೀ ಪೂರ್ಣ ಓಡಿದರೆ 276 ಮೆಗಾವಾಟ್-ಗಂಟೆ, ಅಂದರೆ 2,76,000 ಯೂನಿಟ್. ಅದನ್ನು 600 ಟನ್‌ಗೆ ಹಂಚಿದರೆ ಟನ್‌ಗೆ 460 ಯೂನಿಟ್. ಕಸ ಸುಡುವ ಘಟಕಗಳಲ್ಲಿ ಶಾಖದ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಹಿಂದಕ್ಕೆ ಲೆಕ್ಕ ಹಾಕಿದರೆ ಕಿಲೋಗೆ ಸುಮಾರು 1,600ರಿಂದ 2,000 ಕಿಲೋ ಕ್ಯಾಲೊರಿ ಬೇಕು. 2016ರ ನಿಯಮದಲ್ಲೂ ಇದೇ ಆಸುಪಾಸಿನ ಗೆರೆ ಇತ್ತು: 1,500 ಕಿಲೋ ಕ್ಯಾಲೊರಿ ಅಥವಾ ಅದಕ್ಕಿಂತ ಹೆಚ್ಚಿನ, ಮರುಬಳಕೆಯಾಗದ ತ್ಯಾಜ್ಯವನ್ನು ನೆಲಕ್ಕೆ ಹಾಕದೆ ಇಂಧನವಾಗಿ ಬಳಸಬೇಕು.

ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ. ಒಂದು ಕಿಲೋ ನೀರು ಆವಿಯಾಗಲು 600 ಕಿಲೋ ಕ್ಯಾಲೊರಿಗೂ ಹೆಚ್ಚು ಶಾಖ ಬೇಕು, ಆ ಶಾಖ ಚಿಮಣಿಯಲ್ಲಿ ಹೋಗುತ್ತದೆ, ಟರ್ಬೈನ್‌ಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ತೆರೆದ ಟಿಪ್ಪರಿನಲ್ಲಿ ನೆನೆದು ಬಂದ ಕಸ ಇನ್ನೂ ಕೆಡುತ್ತದೆ. ಆಗ ಕುಲುಮೆಯ ತಾಪ ಇಳಿಯುತ್ತದೆ, ಡೀಸೆಲ್ಲೋ ಬೇರೆ ಇಂಧನವೋ ಸೇರಿಸಬೇಕಾಗುತ್ತದೆ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಶುರುವಾದ 3.75 ಮೆಗಾವಾಟ್ ಘಟಕ ಕೆಲವೇ ವಾರಗಳಲ್ಲಿ ನಿಂತದ್ದು ಈ ಕಾರಣಕ್ಕೇ: ದಿನಕ್ಕೆ 300 ಟನ್‌ಗೆಂದು ಕಟ್ಟಿದ ಕುಲುಮೆಗೆ ಬಂದ ಕಸ ಉರಿಯುವಂಥದ್ದಾಗಿರಲಿಲ್ಲ. ಹಾಗಾಗಿ ‘ಕಸದಲ್ಲಿ ಶಾಖವಿಲ್ಲ’ ಎಂದು ಬರೆಯುವ ಬದಲು ಹೀಗೆ ಕೇಳಿ: ‘ವಿನ್ಯಾಸದಲ್ಲಿ ಊಹಿಸಿದ ಉಷ್ಣಮೌಲ್ಯ ಎಷ್ಟು? ತೇವಾಂಶ ಶೇಕಡ ಎಷ್ಟು? ಮಾದರಿ ತೆಗೆದದ್ದು ಯಾವ ತಿಂಗಳಲ್ಲಿ, ಎಲ್ಲಿಂದ?’ ಬೇಸಿಗೆಯಲ್ಲಿ ಒಣ ಕಸ ಸಂಗ್ರಹ ಕೇಂದ್ರದಿಂದ ತಂದ ಮಾದರಿ, ಆಗಸ್ಟ್ ತಿಂಗಳ ಕಾಂಪ್ಯಾಕ್ಟರಿನಿಂದ ತೆಗೆದ ಮಾದರಿ, ಎರಡರ ಫಲಿತಾಂಶ ಒಂದೇ ಆಗುವುದಿಲ್ಲ.

ಆರ್‌ಡಿಎಫ್‌ ಅನ್ನು ‘ಒಣ ಕಸ’ ಎಂದು ಅನುವಾದಿಸಬೇಡಿ. ಒಣ ಕಸದಿಂದ ಗಾಜು, ಲೋಹ, ಕಲ್ಲು, ಮರುಬಳಕೆಯ ಪ್ಲಾಸ್ಟಿಕ್ ತೆಗೆದು, ಚೂರು ಮಾಡಿ, ಒಣಗಿಸಿದ ಮೇಲೆ ಉಳಿಯುವುದು ಆರ್‌ಡಿಎಫ್. ‘ಕಸದಿಂದ ತಯಾರಿಸಿದ ಇಂಧನ’ ಎನ್ನಬಹುದು. ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೂಡುಗಳಂಥ ಕಡೆ ಕಲ್ಲಿದ್ದಲ ಜೊತೆ ಉರಿಸುವುದೂ ಇದನ್ನೇ. ಅದಕ್ಕೆ ‘ಸಹಸಂಸ್ಕರಣೆ’ ಎಂಬ ಪದ ನಿಂತಿದೆ.

ಬೂದಿ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಿಂದಾಗಿ ‘ಹಾರುಬೂದಿ’ ಕನ್ನಡಕ್ಕೆ ಆಗಲೇ ಬಂದಿದೆ. ಕುಲುಮೆಯ ಜಾಲರಿಯ ಕೆಳಗೆ ಬೀಳುವುದಕ್ಕೆ ‘ತಳಬೂದಿ’ ಎನ್ನಿ. ಕಸದ ವಿಷಯದಲ್ಲಿ ಇವೆರಡನ್ನು ಬೆರೆಸಿ ‘ಬೂದಿ’ ಎಂದಷ್ಟೇ ಬರೆಯುವುದು ದೊಡ್ಡ ಲೋಪ. 100 ಟನ್ ಕಸಕ್ಕೆ ಸಾಮಾನ್ಯವಾಗಿ 15ರಿಂದ 25 ಟನ್ ತಳಬೂದಿ. ಬೀದಿ ಗುಡಿಸಿದ ಮಣ್ಣು ಸೇರಿದ್ದರೆ ಇನ್ನೂ ಹೆಚ್ಚು. 600 ಟನ್ ಘಟಕದಲ್ಲಿ ಅದು ದಿನಕ್ಕೆ 90ರಿಂದ 150 ಟನ್. ಹಾರುಬೂದಿ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಬ್ಯಾಗ್ ಫಿಲ್ಟರಿನಲ್ಲಿ (ಹೊಗೆ ಸೋಸುವ ಚೀಲಗಳಲ್ಲಿ) ಹಿಡಿದ ಆ ಪುಡಿಯಲ್ಲೇ ಸೀಸ, ಕ್ಯಾಡ್ಮಿಯಂ, ಡಯಾಕ್ಸಿನ್ ಕೂಡಿಕೊಂಡಿರುತ್ತವೆ. ಲೋಹಗಳ ಪ್ರಮಾಣ ಮಿತಿ ಮೀರಿದರೆ ಅಪಾಯಕಾರಿ ತ್ಯಾಜ್ಯದ ತಾಣಕ್ಕೇ ಕಳಿಸಬೇಕು, ಇಟ್ಟಿಗೆಗೆ, ರಸ್ತೆಗೆ ಹಾಕುವಂತಿಲ್ಲ. ತಳಬೂದಿಗೆ ಇನ್ನೊಂದು ಅಳತೆಗೋಲು: ಮತ್ತೆ ಕಾಯಿಸಿದಾಗ ಕಳೆದುಹೋಗುವ ತೂಕ ಶೇಕಡ 5ಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಕಸ ಪೂರ್ತಿ ಉರಿದಿಲ್ಲ ಎಂದರ್ಥ. ‘ಬೂದಿ ಎಲ್ಲಿಗೆ ಹೋಗುತ್ತದೆ?’ ಎಂಬುದನ್ನು ಎರಡು ಪ್ರಶ್ನೆಗಳಾಗಿ ಕೇಳಿ.

ಹೊಗೆ. ‘ವಿಷಾನಿಲ’ ಎಂದರೆ ಭಾಷಣಕ್ಕೆ ಸಾಕು, ಪತ್ರಕ್ಕೆ ಸಾಲದು. ನಿಯಮದ ಮಿತಿಗಳನ್ನು ಹೆಸರಿಸಿ. 2016ರ ನಿಯಮದಲ್ಲಿ ಅವು ಹೀಗಿದ್ದವು: ಕಣಗಳು ಘನ ಮೀಟರ್‌ಗೆ 50 ಮಿಲಿಗ್ರಾಂ, ಹೈಡ್ರೋಜನ್ ಕ್ಲೋರೈಡ್ 50 ಮಿಲಿಗ್ರಾಂ, ಡಯಾಕ್ಸಿನ್–ಫ್ಯೂರಾನ್ 0.1 ನ್ಯಾನೊಗ್ರಾಂ, ಎಲ್ಲವೂ ಹೊಗೆಯಲ್ಲಿ ಶೇಕಡ 11 ಆಮ್ಲಜನಕ ಇದ್ದಾಗಿನ ಮಟ್ಟಕ್ಕೆ ಸರಿದೂಗಿಸಿದ ಲೆಕ್ಕ. ಈ ಕೊನೆಯ ಷರತ್ತು ಬಿಟ್ಟರೆ ಹೆಚ್ಚು ಗಾಳಿ ಬೆರೆಸಿ ಅಂಕಿ ಇಳಿಸಿ ತೋರಿಸಲು ದಾರಿಯಾಗುತ್ತದೆ. ಗೇಟಿನ ಬಳಿಯ ಪರದೆಯಲ್ಲಿ ಕಾಣುವ ನಿರಂತರ ಮಾಪನದಲ್ಲಿ ಡಯಾಕ್ಸಿನ್ ಇರುವುದಿಲ್ಲ. ಅದಕ್ಕೆ ಚಿಮಣಿಯಿಂದ ಗಂಟೆಗಟ್ಟಲೆ ಮಾದರಿ ಹೀರಿ ಪ್ರಯೋಗಾಲಯಕ್ಕೆ ಕಳಿಸಬೇಕು. ಕುಲುಮೆಯ ತೀವ್ರ ತಾಪದಲ್ಲಿ ಒಡೆದ ಡಯಾಕ್ಸಿನ್, ಅನಿಲ ಆರುತ್ತ 450ರಿಂದ 200 ಡಿಗ್ರಿಗೆ ಇಳಿಯುವ ಹಾದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಕುಲುಮೆ ಹೊತ್ತಿಸುವಾಗ, ಆರಿಸುವಾಗ ಹೆಚ್ಚು. ಆದ್ದರಿಂದ ವರ್ಷದಲ್ಲಿ ಎಷ್ಟು ಸಲ ಕುಲುಮೆ ನಿಂತು ಶುರುವಾಯಿತು, ಹೊಗೆ ಶುದ್ಧೀಕರಿಸಲು ಹಾಕುವ ಸಕ್ರಿಯ ಇದ್ದಿಲು ಮತ್ತು ಸುಣ್ಣ ತಿಂಗಳಿಗೆ ಎಷ್ಟು ಖರ್ಚಾಯಿತು ಎಂಬ ದಾಖಲೆ ಕೇಳಿ. ಅದನ್ನು ಕೊಂಡ ಲೆಕ್ಕ ಕಡಿಮೆಯಿದ್ದರೆ ಶುದ್ಧೀಕರಣ ನಡೆದಿಲ್ಲವೆಂದು ಅಲ್ಲೇ ಗೊತ್ತಾಗುತ್ತದೆ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಡಬಾರದೆಂದೂ 2016ರ ನಿಯಮದಲ್ಲಿತ್ತು. ಬೇರ್ಪಡಿಸದ ಕಸ ಬರುತ್ತಿದ್ದರೆ ಅದನ್ನು ಹೇಗೆ ತಡೆಯುತ್ತಾರೆಂದು ಬರವಣಿಗೆಯಲ್ಲಿ ಉತ್ತರ ಪಡೆಯಬೇಕು.

ಲೀಚೆಟ್‌ಗೆ ‘ಕಸದ ರಸ’. ‘ಕೊಳಚೆ ನೀರು’ ಎಂದರೆ ಚರಂಡಿ ನೀರೆಂದು ಓದುತ್ತಾರೆ. ಸುಡುವ ಘಟಕದಲ್ಲೂ ಇದು ಇದೆ: ತೇವ ಇಳಿಯಲೆಂದು ಕಸವನ್ನು ಗುಂಡಿಯಲ್ಲಿ ಕೆಲವು ದಿನ ಬಿಡುತ್ತಾರೆ, ಅಲ್ಲಿಂದ ಸೋರುವುದೇ ಇದು.

ಉತ್ತರ 2

ಮೇಲಿನದಕ್ಕೆ ಅರ್ಜಿಯ ಪದಗಳ ಬಗ್ಗೆ ನನ್ನದೊಂದು ಸೇರ್ಪಡೆ. ‘ವಿರೋಧ’ ಬ್ಯಾನರಿಗೆ, ‘ತಕರಾರು’ ಸಿವಿಲ್ ಕೋರ್ಟಿಗೆ ಮತ್ತು ಕಂದಾಯ ಕಚೇರಿಗೆ ಒಗ್ಗುತ್ತವೆ. ‘ಅಹವಾಲು’ ಎಂದರೆ ಆಗಿರುವ ತೊಂದರೆಯ ನಿವೇದನೆ. ಇನ್ನೂ ಬಾರದ ಘಟಕದ ಬಗ್ಗೆ ‘ಆಕ್ಷೇಪಣೆ’ಯೇ ಸರಿ, ಓಡುತ್ತಿರುವ ಘಟಕದ ಬಗ್ಗೆ ‘ದೂರು’.

ಯೋಜನೆಯನ್ನು ಯಾವ ಹೆಸರಿನಲ್ಲಿ ದಾಖಲಿಸಿದ್ದಾರೆ ಎಂಬುದನ್ನು ಮೊದಲು ನೋಡಿ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಲ್ಲಿ ‘ಶಾಖೋತ್ಪನ್ನ ವಿದ್ಯುತ್ ಸ್ಥಾವರ’ ಒಂದು ಬಾಬ್ತು, ‘ಸಾಮೂಹಿಕ ಘನತ್ಯಾಜ್ಯ ನಿರ್ವಹಣಾ ಸೌಲಭ್ಯ’ ಇನ್ನೊಂದು. ಮೊದಲಿನದರಲ್ಲಿ ಕಸ ಸುಡುವ ಸಣ್ಣ ಘಟಕಗಳಿಗೆ 15 ಮೆಗಾವಾಟ್‌ವರೆಗೆ ಪರಿಸರ ಅನುಮತಿಯಿಂದ ವಿನಾಯಿತಿ ಇದೆ. ಹಾಗಾಗಿ ಒಂದೇ ಘಟಕ ಯಾವ ಬಾಬ್ತಿನಡಿ ಹೋಯಿತು ಎಂಬುದರ ಮೇಲೆ ‘ಸಾರ್ವಜನಿಕ ಆಲಿಕೆ’ಯ (ಜನರ ಅಭಿಪ್ರಾಯ ಕೇಳುವ ಸಭೆಯ) ಪ್ರಶ್ನೆ ನಿಂತಿರುತ್ತದೆ. ಆಲಿಕೆ ಇದ್ದರೆ ಕನಿಷ್ಠ 30 ದಿನಗಳ ನೋಟಿಸು, ಕನ್ನಡದಲ್ಲಿ ವರದಿಯ ಸಾರಾಂಶ, ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳುವುದು, ಮೂರೂ ಕಡ್ಡಾಯ. ಆ ಓದುವ ಹೊತ್ತಿಗೆ ಜನ ಎದ್ದುಹೋಗಬಾರದು. ತಾವು ಹೇಳಿದ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿಸಬೇಕು. ಪರಿಸರ ಅನುಮತಿ ಸಿಕ್ಕಿಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ, ತಡಕ್ಕೆ ಕಾರಣ ತೋರಿಸಿದರೆ ಮತ್ತೆ 60 ದಿನ. ಅದು ದಾಟಿದರೆ ಬಾಗಿಲು ಮುಚ್ಚಿತು.

‘ದೂರು’ ಬರೆಯುವವರಿಗೆ: ‘ಗಬ್ಬು ನಾರುತ್ತಿದೆ’ ಎಂಬುದು ನಿಜವಾದ ಸಂಕಟ, ಕೂಡ್ಲುವಿನ ಕಾಂಪೋಸ್ಟ್ ಘಟಕದ ಸುತ್ತಲಿನವರಿಗೂ ಲಿಂಗಧೀರನಹಳ್ಳಿಯವರಿಗೂ ಅದರ ಅನುಭವ ಸಾಕಷ್ಟಿದೆ. ಆದರೆ ಮಂಡಳಿಯವರು ಬರುವ ಹೊತ್ತಿಗೆ ವಾಸನೆ ಇರುವುದಿಲ್ಲ. ತಾರೀಖು, ಗಂಟೆ, ಗಾಳಿ ಬೀಸಿದ ದಿಕ್ಕು, ಎಷ್ಟು ಹೊತ್ತು ಇತ್ತು, ಇವಿಷ್ಟನ್ನು ಹತ್ತಾರು ಮನೆಯವರು ಬೇರೆ ಬೇರೆಯಾಗಿ ಬರೆದಿಡಲಿ. ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದಿಂದ. ಘಟಕದ ಪೂರ್ವಕ್ಕಿರುವವರ ಟಿಪ್ಪಣಿ ಮಳೆಗಾಲದಲ್ಲಿ, ಪಶ್ಚಿಮಕ್ಕಿರುವವರದು ಚಳಿಗಾಲದಲ್ಲಿ ತುಂಬಿದ್ದರೆ, ವಾಸನೆಯ ಮೂಲ ಬೇರೆ ಎಂದು ವಾದಿಸುವುದು ಕಷ್ಟ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ‘ಕಾರ್ಯಾಚರಣಾ ಸಮ್ಮತಿ’ ಎಂಬುದನ್ನು ‘ಪರವಾನಗಿ’ ಎಂದು ಬರೆಯಬಹುದೇ?

ಉತ್ತರ 1

ಬೇಡ. ಪರವಾನಗಿ ಪಾಲಿಕೆ ಕೊಡುವುದು. ಮಂಡಳಿ ಕೊಡುವುದು ಸಮ್ಮತಿ, ಅದೂ ಎರಡು: ಕಟ್ಟುವ ಮೊದಲು ಸ್ಥಾಪನಾ ಸಮ್ಮತಿ, ಓಡಿಸುವ ಮೊದಲು ಕಾರ್ಯಾಚರಣಾ ಸಮ್ಮತಿ. ಎರಡನೆಯದಕ್ಕೆ ಮೊದಲು ಅವಧಿ ಇತ್ತು, ನವೀಕರಣವಾಗಬೇಕಿತ್ತು. 2026ರಲ್ಲಿ ಈ ಕ್ರಮ ಬದಲಾಗಿದೆ. ನಿಮ್ಮ ಘಟಕದ ಸಮ್ಮತಿಯಲ್ಲಿ ಅವಧಿ ನಮೂದಾಗಿದ್ದರೆ, ದಿನಾಂಕ ನೋಡಿಕೊಂಡು ನವೀಕರಣಕ್ಕೆ ಮುಂಚೆ ದೂರುಗಳನ್ನು ಕ್ರೋಡೀಕರಿಸಿ ಕೊಟ್ಟರೆ ಷರತ್ತು ಬಿಗಿ ಮಾಡಿಸುವ ಅವಕಾಶ ಸಿಗುತ್ತದೆ.